45 ವ್ಯಾಟಿನ ಡೈನಮೋ, 60 ವ್ಯಾಟಿನ ಬಲ್ಬು

ಪ್ರಶ್ನೆ: ಮಾನ್ಯರೇ, ನಮ್ಮ ತಂದೆಯವರು 1968ರಲ್ಲಿ ಕೊಂಡ ಮೈಸೂರಿನ ಜಾವಾ 250 ಬೈಕು ಈಗಲೂ ನನ್ನ ಓಡಾಟಕ್ಕಿದೆ. ಮಾದಾಪುರದ ಬಳಿಯ ತೋಟದಿಂದ ಸಂಜೆ ಮನೆಗೆ ಮರಳುವಾಗ, ಅದರಲ್ಲೂ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ, ಹೆಡ್‌ಲೈಟಿನ ಬೆಳಕು ಮುಂದಿನ ಚಕ್ರವನ್ನು ದಾಟುವುದೇ ಇಲ್ಲವೆನ್ನಬೇಕು. ಆದ್ದರಿಂದ ಗ್ಯಾರೇಜೊಂದರಲ್ಲಿ 25 ವ್ಯಾಟಿನ ಹಳೆಯ ಬಲ್ಬನ್ನು ತೆಗೆಸಿ, 6 ವೋಲ್ಟಿನ 60/55 ವ್ಯಾಟ್ ಹ್ಯಾಲೊಜನ್ ಹಾಕಿಸಿದೆ. ಎರಡೇ ವಾರದಲ್ಲಿ ಬ್ಯಾಟರಿ ಬರಿದಾಯಿತು, ಡೂಮಿನ, ಅಂದರೆ ಹೆಡ್‌ಲೈಟಿನ ಗೂಡಿನ, ಒಳಗಿನಿಂದ ಸುಟ್ಟ ವಾಸನೆಯೂ ಬಂತು. ಇನ್ನು ಎಲ್‌ಇಡಿ ಹಾಕಿಸಲೇ, ಇಡೀ ಬೈಕನ್ನು 12 ವೋಲ್ಟಿಗೆ ಬದಲಿಸಲೇ?
— ಓದುಗರು, ಸೋಮವಾರಪೇಟೆ

ಉತ್ತರ: ಎರಡನ್ನೂ ಸದ್ಯಕ್ಕೆ ಬದಿಗಿಟ್ಟು ಲೆಕ್ಕ ನೋಡೋಣ. ನಿಮ್ಮ ಬೈಕಿನ 6 ವೋಲ್ಟ್ ಡೈನಮೋದ ಸಾಮರ್ಥ್ಯ 45 ವ್ಯಾಟ್. ಎಂದರೆ ಎಂಜಿನ್ ಚೆನ್ನಾಗಿ ತಿರುಗುತ್ತಿರುವಾಗಲೂ ಅದು ಕೊಡಬಲ್ಲ ಕರೆಂಟು 7.5 ಆಂಪಿಯರ್. ನೀವು ಹಾಕಿಸಿದ ಬಲ್ಬು ಹೈ ಬೀಮಿನಲ್ಲಿ ಒಂದೇ 10 ಆಂಪಿಯರ್ ಕೇಳುತ್ತದೆ. ಇಗ್ನಿಷನ್ ಕಾಯಿಲ್, ಹಿಂದಿನ ದೀಪ, ಮೀಟರಿನ ದೀಪ ಇವೆಲ್ಲ ಅದರ ಮೇಲಿನ ಖರ್ಚು. ಕೊರತೆಯನ್ನು ಬ್ಯಾಟರಿ ತುಂಬುತ್ತದೆ, ತುಂಬುವಷ್ಟು ದಿನ ತುಂಬಿ ಕೈಚೆಲ್ಲುತ್ತದೆ. ಸುಟ್ಟ ವಾಸನೆಯ ಕಾರಣವೂ ಇದೇ: ತಂತಿಯಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗದಂತೆ (ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು) ಏರುವುದರಿಂದ, 25 ವ್ಯಾಟಿಗೆಂದು ಎಳೆದ ತಂತಿ 60 ವ್ಯಾಟಿನಲ್ಲಿ ಐದು ಪಟ್ಟಿಗೂ ಮೀರಿ ಬಿಸಿಯಾಗುತ್ತದೆ. ಆ ಬಲ್ಬನ್ನು ಇಂದೇ ತೆಗೆದಿಡಿ.

ಈಗ ನಿಮ್ಮ ಮೂಲ ದೂರಿಗೆ ಬರುತ್ತೇನೆ. 25 ವ್ಯಾಟಿನ ಬಲ್ಬು ಹೊಳೆಯುವ ಬಲ್ಬಲ್ಲ, ನಿಜ. ಆದರೂ ಮುಂದಿನ ಚಕ್ರವನ್ನು ದಾಟದಷ್ಟು ಬಡ ಬೆಳಕು ಅದರದಲ್ಲ. ತಂತು ಉರಿಯುವ ಬಲ್ಬಿನಲ್ಲಿ ವೋಲ್ಟೇಜು ಸ್ವಲ್ಪ ಇಳಿದರೆ ಬೆಳಕು ಬಹಳ ಇಳಿಯುತ್ತದೆ: 6 ವೋಲ್ಟಿನಲ್ಲಿ ಅರ್ಧ ವೋಲ್ಟು ದಾರಿಯಲ್ಲಿ ಸೋರಿದರೆ ಬೆಳಕಿನ ಕಾಲು ಭಾಗ ಹೋಯಿತು, ಒಂದು ವೋಲ್ಟು ಸೋರಿದರೆ ಹತ್ತಿರ ಹತ್ತಿರ ಅರ್ಧವೇ ಹೋಯಿತು. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಕೊಡಗು ಜಿಲ್ಲೆಯಲ್ಲಿ, ಐವತ್ತು ವರ್ಷ ದಾಟಿದ ಹಿತ್ತಾಳೆಯ ತುದಿಗಳು ಕಿಲುಬು ಹಿಡಿದು ಒಂದು ವೋಲ್ಟನ್ನು ನುಂಗುವುದು ಅಪರೂಪವೇನಲ್ಲ. ಹಳೆಯ ಬಲ್ಬನ್ನೇ ಹಾಕಿ ದೀಪ ಹೊತ್ತಿಸಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಒಮ್ಮೆ, ಬಲ್ಬಿನ ಹೋಲ್ಡರಿನಲ್ಲಿ ಒಮ್ಮೆ ಮಲ್ಟಿಮೀಟರ್ ಹಿಡಿಯಿರಿ. ಎರಡರ ನಡುವಿನ ವ್ಯತ್ಯಾಸವೇ ನೀವು ಕಳೆದುಕೊಂಡ ಬೆಳಕು.

ಸೋರಿಕೆಯ ಅರ್ಧ ಪಾಲು ಸಾಮಾನ್ಯವಾಗಿ ಅರ್ಥಿನ ಕಡೆ ಇರುತ್ತದೆ. ಬಲ್ಬಿನಿಂದ ಹಿಂದಿರುಗುವ ಕರೆಂಟು ಡೂಮು, ಫೋರ್ಕು, ಹ್ಯಾಂಡಲಿನ ಕೆಳಗಿನ ಗ್ರೀಸು ತುಂಬಿದ ಗುಂಡುಗಳು, ಇಷ್ಟನ್ನೆಲ್ಲ ಹಾದು ಚಾಸಿಯನ್ನು ಸೇರಬೇಕು. ಮೇಲೆ ಹೊಸ ಪೇಂಟು ಬಳಿದಿದ್ದರಂತೂ ಆ ದಾರಿಯೂ ಮುಚ್ಚಿದಂತೆ. ಹೋಲ್ಡರಿನಿಂದ ನೇರವಾಗಿ ಬ್ಯಾಟರಿಯ ಅರ್ಥ್ ತುದಿಗೆ 2.5 ಚದರ ಮಿಲಿಮೀಟರಿನ, ಹಲವು ಎಳೆಗಳ ಆಟೋ ತಂತಿಯೊಂದನ್ನು ಎಳೆಸಿ. ಬ್ಯಾಟರಿಯಿಂದ ದೀಪಕ್ಕೆ ಬರುವ ತಂತಿಯನ್ನೂ ಅದೇ ಗಾತ್ರಕ್ಕೆ ಬದಲಿಸಿ, ಫ್ಯೂಸನ್ನು ಮರೆಯದೆ ಹಾಕಿಸಿ, ಸ್ವಿಚ್ಚಿನ ತುದಿಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿಸಿ. ಇದಿಷ್ಟಕ್ಕೆ ತಗಲುವ ಹಣ ಒಂದು ಒಳ್ಳೆಯ ಬಲ್ಬಿನ ಬೆಲೆಯ ಆಸುಪಾಸಿನಲ್ಲೇ ಮುಗಿಯುತ್ತದೆ.

ರಿಫ್ಲೆಕ್ಟರನ್ನು ಮಾತ್ರ ಉಜ್ಜಬೇಡಿ. ಹಿಂದೊಮ್ಮೆ ಮಂಕಾಗಿದ್ದ ರಿಫ್ಲೆಕ್ಟರೊಂದಕ್ಕೆ ಹಿತ್ತಾಳೆ ಪಾತ್ರೆಯ ಪಾಲಿಷ್ ಹಚ್ಚಿ ಹತ್ತೇ ನಿಮಿಷದಲ್ಲಿ ಬೆಳ್ಳಿಯ ಲೇಪವನ್ನೆಲ್ಲ ಕಿತ್ತು ಕೈಯಲ್ಲಿ ಹಿಡಿದವನು ನಾನು. ಆ ಮೂರ್ಖತನಕ್ಕೆ ಬೇರೆ ಯಾರೂ ಹೊಣೆಯಲ್ಲ. ಲೇಪ ಕಪ್ಪಾಗಿದ್ದರೆ ಅದನ್ನು ಮತ್ತೆ ಹಾಕಿಸುವುದೊಂದೇ ದಾರಿ.

ಇಷ್ಟಾದ ಮೇಲೂ ಬೆಳಕು ಸಾಲದೆನಿಸಿದರೆ, ನಿಮ್ಮ ಹೋಲ್ಡರಿಗೇ ಕೂರುವ, ಎರಡು ಕಿವಿಗಳ ತಳವಿರುವ 6 ವೋಲ್ಟಿನ 35/35 ವ್ಯಾಟ್ ಹ್ಯಾಲೊಜನ್ ಬಲ್ಬನ್ನು ಹಾಕಬಹುದು. ಅದರ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಆದರೆ 35ಕ್ಕೆ ಹಿಂದಿನ ದೀಪದ 5 ಸೇರಿದರೆ 40 ಆಯಿತು, ಇಗ್ನಿಷನ್ನಿಗೆ ಉಳಿದದ್ದು 5 ವ್ಯಾಟ್ ಮಾತ್ರ. ಅರ್ಧ ಗಂಟೆಯ ಸಂಜೆಯ ದಾರಿಗೆ ಇದು ನಡೆಯುತ್ತದೆ, ವಾರಕ್ಕೊಮ್ಮೆ ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜು ಮಾಡಿಕೊಳ್ಳಬೇಕಾದೀತು. ಪ್ರತಿ ರಾತ್ರಿ ದೂರ ಓಡಿಸುವುದಾದರೆ ಡೈನಮೋದ ಜಾಗಕ್ಕೆ ಕೂರುವ 12 ವೋಲ್ಟಿನ ಆಲ್ಟರ್ನೇಟರ್ ಕಿಟ್ ಸರಿಯಾದ ಉತ್ತರ: ಅಲ್ಲಿ 35 ವ್ಯಾಟಿಗೆ 3 ಆಂಪಿಯರೂ ಬೇಡ, ಅದೇ ತಂತಿಯಲ್ಲಿ ಆಗುವ ನಷ್ಟದ ಪ್ರಮಾಣ ಕಾಲು ಭಾಗಕ್ಕಿಳಿಯುತ್ತದೆ. ಆಗ ಹಾರ್ನು, ಬ್ಯಾಟರಿ, ಎಲ್ಲ ಬಲ್ಬುಗಳೂ ಬದಲಾಗಬೇಕು. ತೆಗೆದ ಡೈನಮೋವನ್ನು ಗುಜರಿಗೆ ಕೊಡದೆ ಎಣ್ಣೆ ಸವರಿ ಇಟ್ಟುಕೊಳ್ಳಿ. 50 ವರ್ಷ ಮೀರಿದ ವಾಹನಗಳಿಗೆಂದು 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮಗಳು ಮೂಲ ರೂಪವನ್ನೇ ಕೇಳುತ್ತವೆ. ಮುಂದೆ ಆ ನೋಂದಣಿಯನ್ನು ಬಯಸುವ ದಿನ ಅದು ನಿಮಗೆ ಬೇಕಾಗುತ್ತದೆ.

ಪ್ರಶ್ನೆ: ನನ್ನದು 1974ರ ಬುಲೆಟ್, ಹಿಂದಿನ ಮಾಲೀಕರೇ 12 ವೋಲ್ಟಿಗೆ ಮಾಡಿಸಿದ್ದರು. ತಿತಿಮತಿ ರಸ್ತೆಯಲ್ಲಿ ಆನೆಗಳ ಭಯದಿಂದ ಎಲ್‌ಇಡಿ ಬಲ್ಬು ಹಾಕಿಸಿದೆ. ಎದುರಿನವರೆಲ್ಲ ಲೈಟು ಮಿಟುಕಿಸಿ ಬೈಯುತ್ತಾರೆ, ನನಗಾದರೋ ಮೊದಲಿಗಿಂತ ದೂರವೇನೂ ಕಾಣಿಸುತ್ತಿಲ್ಲ.
— ಓದುಗರು, ಗೋಣಿಕೊಪ್ಪಲು

ಉತ್ತರ: ಹಳೆಯ ರಿಫ್ಲೆಕ್ಟರಿನ ಬಾಗು, ಕೂದಲೆಳೆಯಂಥ ತಂತು ಒಂದು ನಿರ್ದಿಷ್ಟ ಬಿಂದುವಿನಲ್ಲಿ ಉರಿಯುತ್ತದೆಂದು ನಂಬಿ ಮಾಡಿದ್ದು. ಹೈ, ಲೋ ಎರಡಕ್ಕೂ ಬೇರೆ ಬೇರೆ ತಂತುಗಳಿರುವ ಎಚ್4 ಎಂಬ ಹ್ಯಾಲೊಜನ್ ಬಲ್ಬಿನಲ್ಲಿ ಲೋ ಬೀಮಿನ ತಂತುವಿನ ಕೆಳಗೆ ಚಿಕ್ಕ ಲೋಹದ ಬಟ್ಟಲೊಂದಿರುತ್ತದೆ. ಮೇಲಕ್ಕೆ ಚಿಮ್ಮುವ ಬೆಳಕನ್ನು ತಡೆಯುವುದು ಅದೇ. ಎಲ್‌ಇಡಿಯ ಬೆಳಕು ಸೂಸುವ ಚಿಪ್‌ಗಳು ಆ ಬಿಂದುವಿನಿಂದ ಒಂದೆರಡು ಮಿಲಿಮೀಟರ್ ಸರಿದಿದ್ದರೂ ಬೆಳಕು ಚದುರಿ, ನಿಮ್ಮ ಚಕ್ರದ ಮುಂದೆ ಬಿಳಿ ಕೊಳವೊಂದು, ಎದುರಿನವರ ಕಣ್ಣಿನಲ್ಲಿ ಒಂದು ಪಾಲು, ಮರದ ತುದಿಯಲ್ಲಿ ಇನ್ನೊಂದು ಪಾಲು ಆಗಿ ಹಂಚಿಹೋಗುತ್ತದೆ. ಹತ್ತಿರದ ಆ ಬಿಳುಪಿಗೆ ಕಣ್ಣು ಒಗ್ಗಿದ ಮೇಲೆ ದೂರದ ಕತ್ತಲಲ್ಲಿ ನಿಂತ ಕಪ್ಪು ಆನೆ ಇನ್ನೂ ಕಾಣದಾಗುತ್ತದೆ. ಒಳ್ಳೆಯ 12 ವೋಲ್ಟಿನ ಹ್ಯಾಲೊಜನ್ನಿಗೆ ಮರಳಿರಿ. ಎಲ್‌ಇಡಿಯೇ ಬೇಕೆಂದರೆ, ಅದಕ್ಕೆಂದೇ ಮಾಡಿದ ರಿಫ್ಲೆಕ್ಟರ್ ಸಹಿತವಾದ ಇಡೀ ದೀಪವನ್ನೇ ಹಾಕಬೇಕು.

ಹೆಡ್‌ಲೈಟಿನ ಮುಂದಿನ ಗ್ಲಾಸನ್ನೂ ಒಮ್ಮೆ ನೋಡಿ. ಯುರೋಪಿನಿಂದ ತರಿಸಿದ ಗ್ಲಾಸಾದರೆ ಅದು ರಸ್ತೆಯ ಬಲಬದಿಯಲ್ಲಿ ಓಡುವ ನಾಡಿನದಾಗಿರಬಹುದು. ಅದರ ಲೋ ಬೀಮು ಬಲಕ್ಕೆ, ಅಂದರೆ ನಮ್ಮಲ್ಲಿ ಎದುರು ಬರುವವರ ಕಡೆಗೆ, ಏರಿರುತ್ತದೆ. ಬೈಕಿನ ಮೇಲೆ ಒಬ್ಬರನ್ನು ಕೂರಿಸಿ ಲೋ ಬೀಮ್ ಹಾಕಿಸಿ, 8 ಮೀಟರ್ ದೂರದಲ್ಲಿ, ದೀಪದ ನೇರಕ್ಕಿಂತ ಸ್ವಲ್ಪ ಪಕ್ಕಕ್ಕೆ ನಿಂತು, ಕಣ್ಣನ್ನು ಒಂದೂವರೆ ಮೀಟರ್ ಎತ್ತರಕ್ಕೆ ತಗ್ಗಿಸಿ ನೋಡಿ. ಕಣ್ಣು ಕುಕ್ಕಿದರೆ ಡೂಮನ್ನು ಇನ್ನೂ ಬಗ್ಗಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವ ಅಳತೆಯೂ ಇದೇ.

ಪ್ರಶ್ನೆ: ಮಂಜಿಗೆ ಹಳದಿ ಬಲ್ಬು ಉತ್ತಮವೇ?
— ಓದುಗರು, ಮಡಿಕೇರಿ

ಉತ್ತರ: ನಂಬಿಕೆ ಹಳೆಯದು, ಫ್ರಾನ್ಸಿನಲ್ಲಂತೂ 1993ರವರೆಗೆ ಹಳದಿ ಹೆಡ್‌ಲೈಟೇ ಕಾನೂನಾಗಿತ್ತು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವಾದ್ದರಿಂದ ಹಳದಿಯನ್ನೂ ಬಿಳಿಯನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಕೆಲವರ ಕಣ್ಣಿಗೆ ಹಳದಿ ಹಿತವೆನಿಸುವುದುಂಟು. ಹಳದಿ ಗಾಜು ಇರುವ ಬೆಳಕಿನಲ್ಲೇ ಒಂದಿಷ್ಟನ್ನು ತಡೆಯುತ್ತದೆ, 35 ವ್ಯಾಟಿನ ದೀಪಕ್ಕೆ ಆ ಖರ್ಚು ದುಬಾರಿ. ಮಂಜಿನಲ್ಲಿ ಹೈ ಬೀಮ್ ಹಾಕದೆ, ಲೋ ಬೀಮಿನಲ್ಲಿ ರಸ್ತೆಯ ಎಡ ಅಂಚನ್ನು ಹಿಡಿದು ನಿಧಾನವಾಗಿ ಓಡಿಸಿ.