ಗಿರಾಕಿ ಎದುರಿಗೇ ಮೊಬೈಲ್ ತೆಗೆದು ಆನ್‌ಲೈನ್ ರೇಟ್ ತೋರಿಸಿದರೆ ಬೆಲೆ ಇಳಿಸಬೇಕಾ, ಸರ್ವಿಸ್ ಫ್ರೀ ಕೊಡಬೇಕಾ?

ಎರಡೂ ಬೇಡ.

ಮಿಕ್ಸಿ, ಗ್ರೈಂಡರ್, ಫ್ಯಾನ್ ಮಾರುವ ಸಣ್ಣ ಅಂಗಡಿ ನಿಮ್ಮದು ಅಂದಿರಿ. ನಮ್ಮದೂ ಅದೇ, ತಿಪಟೂರಿನಲ್ಲಿ. ಅಪ್ಪ ಇಟ್ಟ ಅಂಗಡಿ, ಈಗ ನಾನು ನೋಡಿಕೊಳ್ಳುತ್ತೇನೆ.

ತಿಪಟೂರು ಅಂದರೆ ಕೊಬ್ಬರಿ. ಕಾಯಿ ಹಾಕದ ಅಡುಗೆ ಇಲ್ಲಿ ಕಮ್ಮಿ, ಹಾಗಾಗಿ ಮಿಕ್ಸಿಗೆ ಬಿಡುವಿಲ್ಲ. ಜಾರ್ ತುಂಬ ಕಾಯಿಚೂರು ತುಂಬಿ, ನೀರೇ ಹಾಕದೆ ತಿರುಗಿಸುತ್ತಾರೆ. ಜಾರನ್ನು ಮೋಟರಿಗೆ ಜೋಡಿಸುವ ಕಪ್ಲರ್‌ನ ಹಲ್ಲು ಸವೆಯುತ್ತದೆ, ಗ್ಯಾಸ್ಕೆಟ್ ಅನ್ನೋ ರಬ್ಬರ್ ಬಳೆ ಹರಿದು ಸೋರುತ್ತದೆ, ಬ್ಲೇಡಿನ ಕಡ್ಡಿ ತಿರುಗುವ ಬುಷ್ ಹೋಗುತ್ತದೆ. ಅಪ್ಪನ ಕಾಲದಲ್ಲಿ ಅಂಗಡಿಯ ಹಿಂದಿನ ಮೂಲೆಯಲ್ಲಿ ಒಂದು ಟೇಬಲ್ಲು, ಅಲ್ಲೊಬ್ಬ ಮೆಕ್ಯಾನಿಕ್ ಇದ್ದ. ನಮ್ಮಲ್ಲಿ ಕೊಂಡವರು ಕೈಚೀಲದಲ್ಲಿ ಜಾರ್ ಹಾಕಿಕೊಂಡು ಬರುತ್ತಿದ್ದರು. ಸ್ಟೂಲ್ ಮೇಲೆ ಕೂತು ಊರಿನ ಸುದ್ದಿ ಮಾತಾಡುವಷ್ಟರಲ್ಲಿ ಹೊಸ ಕಪ್ಲರ್ ಬಿದ್ದಿರುತ್ತಿತ್ತು.

ಅಪ್ಪ ನಗುಮುಖದ ಮನುಷ್ಯ ಅಲ್ಲವೇ ಅಲ್ಲ. "ಅಷ್ಟೊಂದು ಕಾಯಿ ಒಂದೇ ಸಲ ತುರುಕಿದ್ರೆ ಮಿಕ್ಸಿ ಏನು ಮಾಡತ್ತಮ್ಮ?" ಅಂತ ಬೈದುಕೊಂಡೇ ರಿಪೇರಿ ಮಾಡಿಸುತ್ತಿದ್ದರು. ಬೈಸಿಕೊಂಡವರೇ ಮಗಳ ಮದುವೆಗೆ ಪಾತ್ರೆ ಪಗಡದ ಜೊತೆ ಕೊಡಲು ಮಿಕ್ಸಿ, ಫ್ರಿಜ್ ನಮ್ಮಲ್ಲೇ ತೆಗೆದುಕೊಳ್ಳುತ್ತಿದ್ದರು. ಅದಕ್ಕೇ ಗಿರಾಕಿ ಸೇವೆ ಅಂದರೆ ನಗುತ್ತಾ "ಬನ್ನಿ ಸಾರ್" ಅನ್ನೋದು ಅಂತ ಯಾರಾದರೂ ಪಾಠ ಮಾಡಿದರೆ ನಾನು ಕಿವಿಗೇ ಹಾಕಿಕೊಳ್ಳುವುದಿಲ್ಲ.

2014ರಲ್ಲಿ ಫ್ಲಿಪ್‌ಕಾರ್ಟ್‌ನವರು ಬಿಗ್ ಬಿಲಿಯನ್ ಡೇ ಅಂತ ಮೊದಲ ಸಲ ಆನ್‌ಲೈನಿನಲ್ಲಿ ಭಾರಿ ರಿಯಾಯಿತಿ ಮಾರಾಟ ಮಾಡಿದಾಗ ನಮ್ಮೂರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು ನೋಡಿ, ಆಮೇಲೆ ಎಲ್ಲರ ಕೈಯಲ್ಲೂ ರೇಟ್ ಬಂತು. ಮೂರೂವರೆ ಸಾವಿರದ ಮಿಕ್ಸಿಗೆ ನಾನ್ನೂರು ರೂಪಾಯಿ ವ್ಯತ್ಯಾಸ. ಅಷ್ಟರಲ್ಲಿ ಅಪ್ಪ ಗಲ್ಲಾ ಬಿಟ್ಟು ಮನೆಯಲ್ಲಿ ಕೂತಿದ್ದರು. ನಾನು ಬುದ್ಧಿವಂತ ಅಲ್ವಾ, ಲೆಕ್ಕ ಹಾಕಿದೆ.

ಆ ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ, ಯಾಕಂದರೆ ನೀವೂ ಇವತ್ತು ರಾತ್ರಿ ಅದನ್ನೇ ಹಾಕುತ್ತೀರಿ. ಪುಸ್ತಕದಲ್ಲಿ ಖರ್ಚಿನ ಕಡೆ ಮೆಕ್ಯಾನಿಕ್ ಸಂಬಳ. ಅದರ ಕೆಳಗೆ ಕಪ್ಲರ್, ಗ್ಯಾಸ್ಕೆಟ್, ಮೋಟರಿನ ಕಾರ್ಬನ್ ಬ್ರಷ್. ಆದಾಯದ ಕಡೆ ರಿಪೇರಿಯಿಂದ ಬಂದದ್ದು ಚಿಲ್ಲರೆ ಕಾಸು. ಯಾರು ನೋಡಿದರೂ ಹೇಳೋದು ಒಂದೇ: ಟೇಬಲ್ ಎತ್ತಿಸು, ಉಳಿದ ದುಡ್ಡಲ್ಲಿ ರೇಟ್ ಇಳಿಸು. ನಾನು ಹಾಗೇ ಮಾಡಿದೆ. ಮೆಕ್ಯಾನಿಕ್‌ಗೆ ಲೆಕ್ಕ ಚುಕ್ತಾ ಮಾಡಿ ಕಳಿಸಿದೆ. ರಿಪೇರಿಗೆ ಬಂದವರಿಗೆ ಕಂಪನಿಯ ಟೋಲ್ ಫ್ರೀ ನಂಬರ್ ಅಚ್ಚು ಹಾಕಿಸಿದ ಚೀಟಿ ಕೊಡತೊಡಗಿದೆ. ವಾರಂಟಿ ಕೊಡೋದು ಕಂಪನಿ, ನಾನ್ಯಾಕೆ ತಲೆನೋವು ಹಚ್ಚಿಕೊಳ್ಳಲಿ ಅನ್ನೋ ಧಾಟಿ. ಸರ್ವಿಸ್ ಸೆಂಟರ್ ಇದ್ದದ್ದು ತುಮಕೂರಿನಲ್ಲಿ, 70 ಕಿಲೋಮೀಟರ್ ಮೇಲೆ.

ಆ ಪುಸ್ತಕ ಸುಳ್ಳು ಹೇಳಲಿಲ್ಲ, ಅರ್ಧ ಹೇಳಿತು. ಕಪ್ಲರ್ ಹಾಕಿಸಿಕೊಂಡು ಹೋದ ಹೆಂಗಸು ಆರು ತಿಂಗಳಾದ ಮೇಲೆ ಬಂದು ಫ್ಯಾನ್ ಕೊಂಡರೆ, ಅದು 'ಫ್ಯಾನ್ ಮಾರಾಟ' ಅಂತ ಬೇರೆ ಪುಟದಲ್ಲಿ ಬರೆದಿರುತ್ತದೆ. ಕಪ್ಲರ್‌ನಿಂದ ಬಂದ ಗಿರಾಕಿ ಅಂತ ಯಾರೂ ಬರೆಯುವುದಿಲ್ಲ. ಚೌಕಾಸಿ ಮಾಡದೆ ಕೊಟ್ಟ ಮುನ್ನೂರು ರೂಪಾಯಿ ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ. ಸರ್ವಿಸ್ಸಿನ ಖರ್ಚಿಗೆ ಹೆಸರಿದೆ, ಅದರ ಸಂಪಾದನೆಗೆ ಹೆಸರಿಲ್ಲ. ನಾನು ಹೆಸರಿದ್ದದ್ದನ್ನು ಮಾತ್ರ ಕಡಿದೆ.

ಗೊತ್ತಾಗಿದ್ದು ಯುಗಾದಿ ದಿನ. ನಮ್ಮ ಹಳೇ ಗಿರಾಕಿ, ರಿಟೈರ್ ಆದ ಮೇಷ್ಟ್ರು, ಬೆಳಿಗ್ಗೆಯೇ ಮಿಕ್ಸಿ ಹೊತ್ತುಕೊಂಡು ಬಂದರು. ಮನೆಯಲ್ಲಿ ಹೋಳಿಗೆ, ಬೇಳೆ ಬೆಂದಿದೆ, ಹೂರಣ ರುಬ್ಬಬೇಕು. ತಿರುಗಿಸಿ ನೋಡಿದೆ. ಕಪ್ಲರ್ ಹಲ್ಲು ಪೂರ್ತಿ ನುಣ್ಣಗಾಗಿತ್ತು. ಐದು ನಿಮಿಷದ ಕೆಲಸ. ಆದರೆ ಅಂಗಡಿಯಲ್ಲಿ ಕಪ್ಲರೂ ಇಲ್ಲ, ಬಿಚ್ಚುವವನೂ ಇಲ್ಲ. ಕೆಲವು ಮಾಡೆಲ್ಲಿನಲ್ಲಿ ಅದು ಉಲ್ಟಾ ಥ್ರೆಡ್ ಇರುತ್ತದೆ, ಬಿಚ್ಚಲು ಎದುರು ದಿಕ್ಕಿಗೆ ತಿರುಗಿಸಬೇಕು ಅನ್ನೋದೂ ಆಗ ನನಗೆ ಗೊತ್ತಿರಲಿಲ್ಲ. ಚೀಟಿ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಬೈಯಲಿಲ್ಲ.

"ನೀನು ಕೊಡೋದೂ ನಂಬರು, ಆನ್‌ಲೈನಿನವರು ಕೊಡೋದೂ ನಂಬರು. ಅವರದ್ದು ಇನ್ನೂ ನೂರು ರೂಪಾಯಿ ಕಮ್ಮಿ ಕಣಪ್ಪಾ" ಅಂದರು.

ರೇಟ್ ಇಳಿಸಿದ ಮೇಲೂ ನೂರು ರೂಪಾಯಿ ಜಾಸ್ತಿ! ಮೊದಲು ನಾನ್ನೂರು ಜಾಸ್ತಿ ಕೊಟ್ಟು ನಗುತ್ತಾ ಹೋಗುತ್ತಿದ್ದ ಮನುಷ್ಯನಿಗೆ ಈಗ ನೂರು ಭಾರವಾಯಿತು. ಮೆಕ್ಯಾನಿಕ್ ಅಷ್ಟೊತ್ತಿಗೆ ಬಸ್ ಸ್ಟ್ಯಾಂಡ್ ಹತ್ತಿರ ಸ್ವಂತ ಟೇಬಲ್ ಹಾಕಿದ್ದ. ನಮ್ಮ ಗಿರಾಕಿಗಳೆಲ್ಲ ಅಲ್ಲಿಗೆ. ಹೊಸ ಮಿಕ್ಸಿ ಎಲ್ಲಿ ತಗೊಳ್ಳೋಣ ಅಂತ ಕೇಳಿದವರಿಗೆ ಅವನು ನಮ್ಮ ಅಂಗಡಿ ಹೆಸರು ಹೇಳುತ್ತಾನಾ? ನಾನಾಗಿದ್ದರೂ ಹೇಳುತ್ತಿರಲಿಲ್ಲ.

ಮಗಳು ಎಂಬಿಎ ಓದುವಾಗ ಒಂದು ಪ್ರಯೋಗದ ಬಗ್ಗೆ ಹೇಳಿದ್ದಳು. ರಿಚರ್ಡ್ ಥೇಲರ್ ಅಂತ, 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದವರು. ಬೀಚಿನಲ್ಲಿ ಮಲಗಿದ್ದೀರಿ, ಗೆಳೆಯ ಬಿಯರ್ ತರಲು ಹೊರಟಿದ್ದಾನೆ, ಎಷ್ಟರವರೆಗೆ ಕೊಡುತ್ತೀರಿ ಅಂತ ಜನರನ್ನು ಕೇಳಿದರಂತೆ. ದೊಡ್ಡ ಹೋಟೆಲಿಂದ ತರುವುದಾದರೆ 2.65 ಡಾಲರ್, ಹಳೇ ದಿನಸಿ ಅಂಗಡಿಯಿಂದಾದರೆ 1.50. ಬಿಯರ್ ಅದೇ, ಕುಡಿಯುವುದೂ ಬೀಚಿನಲ್ಲೇ. "ಅಂಗಡಿಗೆ ಗ್ಲಾಸ್ ಬಾಗಿಲು, ಏಸಿ ಹಾಕಿಸಿ" ಅನ್ನೋದು ಅವಳ ತೀರ್ಮಾನ. ನಾನು ಒಪ್ಪಲಿಲ್ಲ. ಬಿಯರ್ ಕೆಟ್ಟರೆ ವಾಪಸ್ ಹೋಗಿ ಯಾರೂ ರಿಪೇರಿ ಕೇಳುವುದಿಲ್ಲ. ಮಿಕ್ಸಿ ಕೊಳ್ಳುವವನ ತಲೆಯಲ್ಲಿ ಇರೋದು ಅದು ಕೆಡುವ ದಿನ. ಆ ದಿನ ಯಾರ ಮುಖ ನೋಡಬೇಕು ಅನ್ನೋದಕ್ಕೆ ಅವನು ದುಡ್ಡು ಕೊಡೋದು.

ಎಂಆರ್‌ಪಿ ದಾಟಿ ಮಾರುವಂತಿಲ್ಲ, ಅದು ಕಾನೂನು, ದಾಟಬೇಡಿ. ಆದರೆ ಮಿಕ್ಸಿ ಡಬ್ಬದ ಮೇಲಿನ ಎಂಆರ್‌ಪಿಗೂ ಆನ್‌ಲೈನ್ ರೇಟಿಗೂ ನಡುವೆ ಎಷ್ಟು ಜಾಗ ಇರುತ್ತದೆ ಅಂತ ನಿಮಗೇ ಗೊತ್ತು. ನಿಮ್ಮ ಸರ್ವಿಸ್ಸಿನ ಬೆಲೆ ಆ ಜಾಗದಲ್ಲೇ ಇರೋದು. ನಾನು ಈಗ ಇನ್ನೂರು, ಮುನ್ನೂರು ಜಾಸ್ತಿಯೇ ಹೇಳುತ್ತೇನೆ. "ಯಾಕೆ?" ಅಂತ ಕೇಳಿದರೆ ಹಿಂದಿನ ಮೂಲೆ ತೋರಿಸುತ್ತೇನೆ. ಟೇಬಲ್ ವಾಪಸ್ ಬಂದಿದೆ, ಕೆಲಸ ಕಲಿತ ಒಬ್ಬ ಹುಡುಗ ಇದ್ದಾನೆ. ಮೊಬೈಲ್ ತೋರಿಸಿ ಹೋಗುವವರು ಈಗಲೂ ಇದ್ದಾರೆ, ಹೋಗಲಿ ಬಿಡಿ. ಅವರ ಹಿಂದೆ ಬೀಳಬೇಡಿ.

ಫ್ರೀ ಅನ್ನೋದನ್ನಂತೂ ಮೊದಲು ತಲೆಯಿಂದ ತೆಗೆಯಿರಿ. ಜನ ಫ್ರೀ ಕೇಳುವುದಿಲ್ಲ, ಬೇಗ ಕೇಳುತ್ತಾರೆ. ಮೊನ್ನೆ ಒಬ್ಬ ಹುಡುಗ ಆನ್‌ಲೈನಿನಲ್ಲಿ ಕೊಂಡ ಮಿಕ್ಸಿ ತಂದ, ಸತ್ತೇಹೋಗಿದೆ ಅಂದ. ಬೋರಲು ಹಾಕಿ ತಳದ ಕೆಂಪು ಬಟನ್ ಒತ್ತಿದೆವು, ಓಡಿತು. ಓವರ್‌ಲೋಡ್ ಆಗಿ ಟ್ರಿಪ್ ಆಗಿತ್ತು ಅಷ್ಟೇ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ಬಟನ್ ಎಲ್ಲಿದೆ ಅಂತ ತೋರಿಸಿ ಕಳಿಸಿದೆವು. ಆದರೆ ಸ್ಕ್ರೂಡ್ರೈವರ್ ಹಿಡಿದರೆ ದುಡ್ಡು ಇದ್ದೇ ಇದೆ, ಎಲ್ಲಿ ಕೊಂಡಿದ್ದರೂ ಸರಿ. ನಮ್ಮಲ್ಲಿ ಕೊಂಡವರಿಗೆ ಸಾಮಾನಿನ ದುಡ್ಡು ಮಾತ್ರ, ಬೇರೆ ಕಡೆ ಕೊಂಡವರಿಗೆ ಮಜೂರಿಯೂ ಸೇರಿ. "ಆನ್‌ಲೈನಿನಲ್ಲಿ ತಗೊಂಡ್ರಲ್ಲ, ಅಲ್ಲೇ ಕೇಳಿ" ಅಂತ ಮಾತ್ರ ಯಾವತ್ತೂ ಹೇಳಬೇಡಿ. ಆ ಸುಖ ಒಂದು ನಿಮಿಷದ್ದು.

ಇನ್ನೊಂದು, ಇದನ್ನು ನಾಳೆಯೇ ಮಾಡಿ. ಎಕ್ಸ್‌ಚೇಂಜ್‌ಗೆ ಬಂದ ಹಳೇ ಮಿಕ್ಸಿಗಳಲ್ಲಿ ಎರಡನ್ನು ಸರಿಮಾಡಿಸಿ ಇಟ್ಟುಕೊಳ್ಳಿ. ನಮ್ಮವುಗಳ ಮೇಲೆ ಕೆಂಪು ಪೇಂಟಿನಲ್ಲಿ 'ಅಂಗಡಿದು' ಅಂತ ಬರೆಸಿದ್ದೇನೆ. ಮೋಟರನ್ನು ವೈಂಡಿಂಗ್‌ಗೆ, ಅಂದರೆ ತಂತಿ ಮತ್ತೆ ಸುತ್ತಿಸಲು, ಕಳಿಸಬೇಕಾದಾಗ "ನಿಮ್ಮದು ಬರೋತನಕ ಇದನ್ನ ಇಟ್ಕೊಳ್ಳಿ" ಅಂತ ಕೊಟ್ಟು ಕಳಿಸುತ್ತೇನೆ. ವಾಪಸ್ ಬರುತ್ತದಾ ಅಂದರೆ, ತೊಳೆದು ಒರೆಸಿ ತಂದುಕೊಡುತ್ತಾರೆ. ಒಬ್ಬರು ಜಾರಿನಲ್ಲಿ ಚಟ್ನಿಪುಡಿ ತುಂಬಿಸಿ ಕೊಟ್ಟಿದ್ದರು.

ಮೇಷ್ಟ್ರ ಕಥೆ ಏನಾಯಿತು ಅಂತ ಕೇಳುತ್ತೀರಿ. ಅವರು ಫ್ಯಾನಿಗೆ, ಬಲ್ಬಿಗೆ ಬರುತ್ತಾರೆ. ಮಿಕ್ಸಿ ಮಾತ್ರ ಆನ್‌ಲೈನಿನದ್ದೇ, ರಿಪೇರಿ ಬಸ್ ಸ್ಟ್ಯಾಂಡ್ ಹತ್ತಿರದ ನಮ್ಮ ಹಳೇ ಮೆಕ್ಯಾನಿಕ್‌ನದ್ದೇ. ನಾನೂ ಆ ಮಾತು ಎತ್ತಿಲ್ಲ.

ಗೌರಿ ಹಬ್ಬಕ್ಕೆ ಮುಂಚೆ ಕಪ್ಲರ್ ಜಾಸ್ತಿ ತರಿಸಿ, ಹೆಚ್ಚು ಓಡುವ ಮಾಡೆಲ್ಲಿನದ್ದು ಒಂದು ಡಜನ್ ಆದರೂ ಇರಲಿ. ಗ್ಯಾಸ್ಕೆಟ್ ದೊಡ್ಡ ಜಾರಿಂದೂ ಚಟ್ನಿ ಜಾರಿಂದೂ ಬೇರೆ ಬೇರೆ ಸೈಜು, ಎರಡೂ ಇಟ್ಟುಕೊಳ್ಳಿ. ಹಬ್ಬದ ದಿನ ಬೆಳಿಗ್ಗೆ ಅರ್ಧ ಶಟರ್ ಆದರೂ ಎತ್ತಿರಿ.