ಮಾಯದ ಗಾಯಕ್ಕೆ ಗ್ರೋತ್ ಫ್ಯಾಕ್ಟರ್ ಜೆಲ್

ಪ್ರಶ್ನೆ: ನಮ್ಮ ತಾಯಿಯವರು ಬಹುಕಾಲದಿಂದ ಸಕ್ಕರೆ ಕಾಯಿಲೆಯವರು. ಅಂಗಾಲಿನ ಹುಣ್ಣು ತಿಂಗಳುಗಳು ಕಳೆದರೂ ಮಾಯುತ್ತಿಲ್ಲ. ವೈದ್ಯರು ಗ್ರೋತ್ ಫ್ಯಾಕ್ಟರ್ ಇರುವ ಜೆಲ್ ಹಚ್ಚಬಹುದೆಂದಿದ್ದಾರೆ. ಇದರಿಂದ ಕ್ಯಾನ್ಸರ್ ಬರುತ್ತದೆಂಬ ಮಾತು ನಿಜವೇ?

ಉತ್ತರ: ಗಾಯವಾದಾಗ ರಕ್ತ ಹೆಪ್ಪುಗಟ್ಟಿಸಲು ಬರುವ ಪ್ಲೇಟ್‌ಲೆಟ್‌ಗಳು ಕೆಲವು ಪ್ರೋಟೀನುಗಳನ್ನೂ ಹೊರಬಿಡುತ್ತವೆ. ಚರ್ಮಕ್ಕೆ ಬಲ ಕೊಡುವ ನಾರಿನಂಥ ಕೊಲ್ಯಾಜೆನ್ ಅನ್ನು ನೇಯುವ ಕೋಶಗಳನ್ನು ಗಾಯದತ್ತ ಸೆಳೆದು ಅವುಗಳ ಸಂಖ್ಯೆ ಹೆಚ್ಚುವಂತೆ ಮಾಡುವ ಈ ಪ್ರೋಟೀನುಗಳೇ ಗ್ರೋತ್ ಫ್ಯಾಕ್ಟರ್‌ಗಳು; ಹೊಸ ರಕ್ತನಾಳ ಚಿಗುರಿಸುವುದಕ್ಕೂ ಮೇಲ್ಚರ್ಮ ಹರಡುವುದಕ್ಕೂ ಬೇರೆ ಬೇರೆ ಫ್ಯಾಕ್ಟರ್‌ಗಳಿವೆ. ಇಂಥ ಎರಡು ಪ್ರೋಟೀನುಗಳನ್ನು ಮೊದಲು ಗುರುತಿಸಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂದಿತು. ಪ್ಲೇಟ್‌ಲೆಟ್ ಫ್ಯಾಕ್ಟರನ್ನು ಯೀಸ್ಟ್ ಕೋಶಗಳಲ್ಲಿ ತಯಾರಿಸಿದ ಬೆಕಾಪ್ಲರ್ಮಿನ್ ಎಂಬ ಜೆಲ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1997ರಲ್ಲಿ ಒಪ್ಪಿಗೆ ನೀಡಿತು. ಅದು ಮಧುಮೇಹಿಗಳ ಪಾದದ ಹುಣ್ಣಿಗೆಂದೇ ಇರುವ ಔಷಧಿ.

ಪ್ರಮುಖ ಪ್ರಯೋಗವೊಂದರಲ್ಲಿ, 20 ವಾರಗಳೊಳಗೆ ಹುಣ್ಣು ಪೂರ್ತಿ ಮುಚ್ಚಿದವರ ಪ್ರಮಾಣ ಜೆಲ್ ಹಚ್ಚಿದವರಲ್ಲಿ ಸುಮಾರು ಶೇ 50, ಔಷಧಿಯಿಲ್ಲದ ಜೆಲ್ ಹಚ್ಚಿದವರಲ್ಲಿ ಶೇ 35. ಲಾಭವಿದೆ, ಪವಾಡವಿಲ್ಲ. ಎರಡೂ ಗುಂಪಿನವರಿಗೆ ಒಳ್ಳೆಯ ಗಾಯದ ಆರೈಕೆ ದೊರೆತಿತ್ತೆಂಬುದನ್ನು, ಮತ್ತು ಸತ್ತ ಅಂಗಾಂಶವನ್ನು ಹೆಚ್ಚು ಸಲ ಕೆತ್ತಿ ತೆಗೆದ ಕೇಂದ್ರಗಳಲ್ಲಿ ಫಲ ಉತ್ತಮವಾಗಿತ್ತೆಂಬುದನ್ನು ಮರೆಯಬಾರದು. ಹಳೆಯ ಹುಣ್ಣಿನ ಸ್ರಾವದಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ತುಂಬಿರುತ್ತವೆ. ಸೋಂಕೂ ಸತ್ತ ಅಂಗಾಂಶವೂ ಹಾಗೆಯೇ ಉಳಿದರೆ, ಹಚ್ಚಿದ ಫ್ಯಾಕ್ಟರನ್ನು ಈ ಕಿಣ್ವಗಳು ಕೆಲಸಕ್ಕೆ ಮೊದಲೇ ಒಡೆದುಹಾಕುತ್ತವೆ. ಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದರೆ, ಅಥವಾ ನಡೆಯುವಾಗ ದೇಹದ ಭಾರ ಅದೇ ಹುಣ್ಣಿನ ಮೇಲೆ ಬೀಳುತ್ತಿದ್ದರೆ, ಬರಿಯ ಜೆಲ್‌ನಿಂದ ಏನೂ ಆಗದು. ಆದ್ದರಿಂದ ಜೆಲ್ ಕೊಳ್ಳುವ ಮೊದಲು ಪಾದದ ರಕ್ತಸಂಚಾರದ ಪರೀಕ್ಷೆ ಆಗಿದೆಯೇ, ಭಾರ ತಪ್ಪಿಸುವ ಪಾದರಕ್ಷೆ ಅಥವಾ ಪ್ಲಾಸ್ಟರ್ ಕಟ್ಟು ಕೊಟ್ಟಿದ್ದಾರೆಯೇ ಎಂದು ವೈದ್ಯರನ್ನು ವಿಚಾರಿಸಿ. ನನ್ನ ದೃಷ್ಟಿಯಲ್ಲಿ ಜೆಲ್‌ಗಿಂತ ಈ ಪ್ರಶ್ನೆಗಳೇ ಮುಖ್ಯ.

ಕ್ಯಾನ್ಸರ್ ಭಯಕ್ಕೆ ಕಾರಣವಿತ್ತು. ಬಹಳ ಟ್ಯೂಬ್ ಬಳಸಿದವರಲ್ಲಿ ಕ್ಯಾನ್ಸರ್ ಸಾವುಗಳು ಹೆಚ್ಚಿರಬಹುದೆಂಬ ಶಂಕೆಯಿಂದ 2008ರಲ್ಲಿ ಔಷಧಿಯ ಮೇಲೆ ಕಠಿಣ ಎಚ್ಚರಿಕೆ ಮುದ್ರಿಸಲಾಯಿತು. ನಂತರದ ಅಧ್ಯಯನಗಳನ್ನು ಪರಿಶೀಲಿಸಿ 2018ರಲ್ಲಿ ಅದನ್ನು ತೆಗೆಯಲಾಯಿತು. ಆದರೂ ಹಚ್ಚುವ ಜಾಗದಲ್ಲಿಯೇ ಕ್ಯಾನ್ಸರ್ ಗಡ್ಡೆ ಇದ್ದರೆ ಇದನ್ನು ಬಳಸುವಂತಿಲ್ಲ. ದೀರ್ಘಕಾಲ ಮಾಯದ ಹುಣ್ಣು ತಾನೇ ಕ್ಯಾನ್ಸರ್ ಆಗಿರುವ ಪ್ರಸಂಗವೂ ಅಪರೂಪಕ್ಕೆ ಉಂಟು. ಅನುಮಾನ ಬಂದರೆ ಅಂಚಿನ ತುಣುಕನ್ನು ಬಯಾಪ್ಸಿಗೆ ಕಳಿಸುವುದು ಸರಿ.

ಪ್ರಶ್ನೆ: ಶಸ್ತ್ರಚಿಕಿತ್ಸೆಯ ಹೊಲಿಗೆ ಬೇಗ ಕೂಡಲು ಇದೇ ಜೆಲ್ ಹಚ್ಚಬಹುದೇ?

ಉತ್ತರ: ಬೇಡ. ಹೊಲಿಗೆ ಹಾಕಿ ಅಂಚು ಕೂಡಿಸಿದ ಗಾಯಕ್ಕೆ ಇದನ್ನು ಬಳಸುವಂತಿಲ್ಲ. ಆರೋಗ್ಯವಂತರ ಹೊಸ ಗಾಯಕ್ಕೆ ಬೇಕಾದ ಫ್ಯಾಕ್ಟರ್‌ಗಳನ್ನು ಅವರ ರಕ್ತವೇ ಒದಗಿಸುತ್ತದೆ.