ವಾಕಿಂಗ್ ಮಾಡಿದರೆ ಸಾಕೇ?

ಪ್ರಶ್ನೆ: ನನಗೆ 54. ದಿನಾ ವಾಕಿಂಗ್ ಮಾಡುತ್ತೇನೆ. ಆದರೂ ನೆಲದ ಮೇಲೆ ಕೂತರೆ ಕೈಯೂರದೆ ಏಳಲಾಗದು, ಸಿಲಿಂಡರ್ ಸರಿಸಲೂ ಮಗನೇ ಬೇಕು. ಭಾರ ಎತ್ತುವ ವ್ಯಾಯಾಮ ಈಗ ಶುರು ಮಾಡಬಹುದೇ ಮೇಡಂ?
– ಓದುಗರು, ರಾಣೆಬೆನ್ನೂರು

ಉತ್ತರ: ಖಂಡಿತ ಮಾಡಿ. ನನ್ನ ಬಳಿ ಬರುವ ಹೆಂಗಸರಲ್ಲಿ ಬಹಳಷ್ಟು ಮಂದಿಯದು ಇದೇ ದೂರು. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ಬೆನ್ನು, ತೋಳುಗಳಿಗೆ ಅದರಿಂದ ಬಲ ಬರುವುದಿಲ್ಲ. ವಾರಕ್ಕೆ ಕನಿಷ್ಠ 2 ದಿನ ಮೈಯ ಎಲ್ಲ ಮುಖ್ಯ ಸ್ನಾಯುಗಳಿಗೂ ಕೆಲಸ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿಡಿ. ಎದೆಗೆ ಕೈಕಟ್ಟಿ, ಮನಸ್ಸಲ್ಲೇ ಮೂರು ಎಣಿಸುತ್ತ ನಿಧಾನಕ್ಕೆ ಕೂರಿ. ಕುರ್ಚಿ ತಾಗಿದ ಕೂಡಲೇ ಏಳಿ. ಧೊಪ್ಪನೆ ಕೂರಬೇಡಿ, ಹಾಗೆ ತಡೆದು ಇಳಿಯುವಾಗಲೂ ತೊಡೆ ಗಟ್ಟಿಯಾಗುತ್ತದೆ. 8ರಿಂದ 10 ಸಲ, ಎರಡು ಸುತ್ತು. ಆಮೇಲೆ ಗೋಡೆಗೆ ಕೈಕೊಟ್ಟು ದಂಡ ಹೊಡೆಯಿರಿ. ಎರಡೂ ಕೈಯಲ್ಲಿ ಅರ್ಧ ತುಂಬಿದ ಬಕೆಟ್ ಹಿಡಿದು, ಬೆನ್ನು ನೆಟ್ಟಗಿಟ್ಟು ಹಿತ್ತಿಲವರೆಗೆ ನಡೆಯಿರಿ. ಸಲೀಸೆನಿಸಿದ ಮೇಲೆ ನೀರು ಹೆಚ್ಚಿಸಿ. ಭಾರ ಏರದೆ ಬಲ ಏರದು. ಉಸಿರು ಬಿಗಿಹಿಡಿಯಬೇಡಿ. ಬಿಪಿ ಅಥವಾ ಮಂಡಿನೋವಿದ್ದರೆ ಮೊದಲು ವೈದ್ಯರನ್ನು ಕಾಣಿ. ಊಟದಲ್ಲಿ ಬೇಳೆ, ಕಾಳು, ಮೊಸರು ತಪ್ಪದಿರಲಿ.